ಉದ್ದ ಛಾವಣಿಯ ಕಾರು, ನಾಲ್ಕು ಜೊತೆ ಕೈ

ಐವತ್ತರ ದಶಕದ ಅಮೆರಿಕನ್ ಸ್ಟೇಷನ್ ವ್ಯಾಗನ್ನಿನ ಛಾವಣಿಯನ್ನು ಕಂಬಗಳಿಂದ ಕತ್ತರಿಸಿ ಬಿಡಿಸಿದ ಮೇಲೆ ಅದನ್ನು ಒಬ್ಬರೇ ಎತ್ತುವಂತಿಲ್ಲ. ಭಾರಕ್ಕಿಂತ ದೊಡ್ಡ ಸಮಸ್ಯೆ ಅದರ ಉದ್ದ. ಮುಂಗಾಜಿನ ಚೌಕಟ್ಟಿನಿಂದ ಹಿಂಬಾಗಿಲಿನವರೆಗೆ ಚಾಚಿಕೊಂಡ ಆ ತಗಡು, ಕಂಬಗಳ ಆಸರೆ ತಪ್ಪಿದ ಕ್ಷಣವೇ ಬಳುಕಲು ಶುರುಮಾಡುತ್ತದೆ. ಇಬ್ಬರೇ ಹಿಡಿದರೆ ನಡುವೆ ಮಡಿಚಿಕೊಂಡು, ಎಷ್ಟು ತಟ್ಟಿದರೂ ಪೂರ್ತಿ ಹೋಗದ ಗೆರೆ ಬೀಳುತ್ತದೆ. ನಾಲ್ಕು ಮೂಲೆಗೆ ನಾಲ್ವರು ನಿಂತು, ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಇಳಿಸಬೇಕು. ಐದನೆಯವನೊಬ್ಬ ಇಪ್ಪತ್ತಡಿ ದೂರ ನಿಂತು ಕಣ್ಣಳತೆ ನೋಡಿ 'ಬಲಕ್ಕೆ ಸ್ವಲ್ಪ, ಹಿಂದಕ್ಕೆ ಇನ್ನೂ ಸ್ವಲ್ಪ' ಎನ್ನುತ್ತಿರಬೇಕು. ಹಳೆಯ ವ್ಯಾಗನ್ನಿಗೆ ಹೊಸ ಮೈ ಕೊಡುವ ಹವ್ಯಾಸ ಗೆಳೆಯರ ಗುಂಪಿನಲ್ಲೇ ಬೆಳೆದುಬಂದದ್ದಕ್ಕೆ ಸ್ನೇಹದಷ್ಟೇ ಆ ತಗಡೂ ಕಾರಣ.

ಇದನ್ನು ರಿಪೇರಿ ಎನ್ನಲಾಗದು. ಕಾರನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೇ ಮರಳಿಸುವುದು ಪುನರುಜ್ಜೀವನ. ಅದು ಬೇರೆಯೇ ವಿದ್ಯೆ. ಇಲ್ಲಿ ಕಾರ್ಖಾನೆ ಕೊಟ್ಟ ಆಕಾರವನ್ನೇ ಪ್ರಶ್ನಿಸುತ್ತಾರೆ. ಛಾವಣಿ ತಗ್ಗಿಸುತ್ತಾರೆ, ಹಿಡಿಕೆ ಕಿತ್ತು ತೂತು ಮುಚ್ಚುತ್ತಾರೆ, ದೀಪಗಳನ್ನು ಮೈಯೊಳಗೆ ಹುದುಗಿಸುತ್ತಾರೆ, ಬೇರೊಂದು ಕಂಪನಿಯ ಕಾರಿನ ಗ್ರಿಲ್ ತಂದು ಕೂರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಸ್ಟಮ್ ಎಂಬ ಒಂದೇ ಪದ ಸಾಕು. ಆ ವಿದ್ಯೆಯಲ್ಲಿ ವ್ಯಾಗನ್ನಿನ ಕೆಲಸದಷ್ಟು ಕಷ್ಟದ್ದು, ಹಾಗೆಯೇ ಕಡಿಮೆ ಹೊಗಳಿಸಿಕೊಂಡದ್ದು, ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ವ್ಯಾಗನ್ ಹುಟ್ಟಿದ್ದೇ ದುಡಿಯುವುದಕ್ಕೆ. ರೈಲು ನಿಲ್ದಾಣದಲ್ಲಿ ಇಳಿದವರನ್ನು ಪೆಟ್ಟಿಗೆ ಸಮೇತ ಹೋಟೆಲಿಗೋ ತೋಟದ ಮನೆಗೋ ಸಾಗಿಸಲು ಮರದ ಮೈ ಕಟ್ಟಿಸಿಕೊಂಡ ಬಂಡಿಗಳು ಇದರ ಪೂರ್ವಜರು. 1929ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಎ ಮೇಲೆ ವ್ಯಾಗನ್ನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಮಿಷಿಗನ್ ರಾಜ್ಯದ ಐರನ್ ಮೌಂಟನ್‌ನಲ್ಲಿ ಅದಕ್ಕೆ ಸ್ವಂತ ಕಾಡು, ಸ್ವಂತ ಗರಗಸದ ಗಿರಣಿ ಇದ್ದವು. ಮೇಪಲ್ ಮತ್ತು ಬರ್ಚ್ ಮರ ಅಲ್ಲಿಂದಲೇ ಬರುತ್ತಿತ್ತು. ಉಳಿದ ಮರದ ಚೂರು ಇದ್ದಿಲಾಗಿ ಮಾರಾಟವಾಗುತ್ತಿತ್ತು. ಮರದ ಮೈ ಚಂದ, ಆದರೆ ಜೋಪಾನ ಬೇಡುತ್ತದೆ. ವರ್ಷ ವರ್ಷ ವಾರ್ನಿಷ್ ಹೊಡೆಯದಿದ್ದರೆ ಸಂದಿಗಳಲ್ಲಿ ನೀರು ಕೂತು ಕೊಳೆಯುತ್ತದೆ. ಹಾಗೆ ಕೊಳೆತು ಅಗ್ಗಕ್ಕೆ ಬಂದ ಮರದ ವ್ಯಾಗನ್ನುಗಳನ್ನೇ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರು ಕೊಂಡು, ಉದ್ದನೆಯ ಹಲಗೆಗಳನ್ನು ಒಳಗೆ ತೂರಿಸಿ ಕಡಲ ಕಡೆ ಹೊರಟದ್ದು. 1946ರಲ್ಲಿ ಬ್ರೂಕ್ಸ್ ಸ್ಟೀವನ್ಸ್ ವಿನ್ಯಾಸದ ವಿಲ್ಲಿಸ್ ಜೀಪ್ ವ್ಯಾಗನ್ ಪೂರ್ತಿ ಉಕ್ಕಿನ ಮೈಯಲ್ಲಿ ಬಂತು, 1949ರಲ್ಲಿ ಪ್ಲಿಮತ್ ಸಬರ್ಬನ್ ಬಂತು. ಅಲ್ಲಿಗೆ ಮರದ ಕಾಲ ಮುಗಿಯತೊಡಗಿತು. ಫೋರ್ಡ್ ಕಂಟ್ರಿ ಸ್ಕ್ವೈರ್ ಮಾತ್ರ ಮರದ ಚಿತ್ರ ಅಚ್ಚುಹಾಕಿದ ಹಾಳೆಯನ್ನು ಉಕ್ಕಿನ ಮೈಗೆ ಅಂಟಿಸಿಕೊಂಡು 1991ರವರೆಗೂ ಓಡಿತು.

ಇವೆಲ್ಲದರ ನಡುವೆ ಒಂದೇ ಒಂದು ವ್ಯಾಗನ್ ಚೆಲುವೆಂಬ ಹೆಸರು ಪಡೆಯಿತು. 1954ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಡೆದ ಜನರಲ್ ಮೋಟಾರ್ಸ್ ಪ್ರದರ್ಶನದಲ್ಲಿ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಮುಖಕ್ಕೆ ವ್ಯಾಗನ್ನಿನ ಬೆನ್ನು ಜೋಡಿಸಿದ ಮಾದರಿಯೊಂದನ್ನು ಇಟ್ಟಿದ್ದರು. ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್. ಆ ಛಾವಣಿಯ ಗೆರೆ ಎಳೆದವರು ಕಾರ್ಲ್ ರೆನರ್. ಜನ ಮುಗಿಬಿದ್ದು ನೋಡಿದ್ದರಿಂದ ಅದೇ ಛಾವಣಿಯನ್ನು 1955ರ ಷೆವ್ರೊಲೆ ಮೇಲೆ ಇಳಿಸಿ ನೋಮ್ಯಾಡ್ ಎಂದು ಮಾರಿದರು. ಎರಡೇ ಬಾಗಿಲು, ಮುಂದಕ್ಕೆ ವಾಲಿದ ನಡುಗಂಬ, ಛಾವಣಿಯ ಹಿಂಭಾಗದಲ್ಲಿ ಅಡ್ಡಡ್ಡ ಗೀರುಗಳು, ಹಿಂಬಾಗಿಲಿನ ಮೇಲೆ ಏಳು ಕ್ರೋಮ್ ಪಟ್ಟಿಗಳು. ಮಳೆ ಬಂದರೆ ಹಿಂಬಾಗಿಲು ಸೋರುತ್ತಿತ್ತು, ಬೆಲೆಯೂ ಜಾಸ್ತಿ. 1957ರವರೆಗಿನ ಮೂರು ವರ್ಷಗಳಲ್ಲಿ ತಯಾರಾದದ್ದು ಸುಮಾರು 22 ಸಾವಿರ ಮಾತ್ರ. ಇವತ್ತು ಕತ್ತರಿ ಹಿಡಿದವರೂ ಹಿಂದೆ ಸರಿಯುವ ಕಾರು ಅದು. ಹಾಗೇ ಹಿಂದೆ ಸರಿಯುವುದು ಸರಿ ಎಂದೇ ನಾನು ನಂಬುತ್ತೇನೆ.

ಕಸ್ಟಮ್ ವಿದ್ಯೆ ಬೆಳೆದದ್ದು ವ್ಯಾಗನ್ನಿನ ಮೇಲಲ್ಲ, ಕೂಪೆ ಮತ್ತು ಸೆಡಾನ್‌ಗಳ ಮೇಲೆ. ಸ್ಯಾಕ್ರಮೆಂಟೊದ ಹ್ಯಾರಿ ವೆಸ್ಟರ್ಗಾರ್ಡ್ ಮಹಾಯುದ್ಧಕ್ಕೆ ಮೊದಲೇ ಈ ಕೆಲಸದಲ್ಲಿ ಹೆಸರು ಮಾಡಿದ್ದರು. ಅದೇ ಸೀಮೆಯಲ್ಲಿ ಬೆಳೆದ ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಸೋದರರು ಲಾಸ್ ಏಂಜಲೀಸ್ ಬಳಿ ಅಂಗಡಿ ತೆರೆದರು. ಸ್ಯಾಮ್ ತಗಡಿನ ಮಾಂತ್ರಿಕ, ಜಾರ್ಜ್ ಪ್ರಚಾರದಲ್ಲಿ ನಿಪುಣ. 1952ರಲ್ಲಿ ಬಾಬ್ ಹಿರೋಹಾಟ ಎಂಬ ಜಪಾನಿ ಮೂಲದ ಅಮೆರಿಕನ್ ಯುವಕ ತನ್ನ 1951ರ ಮರ್ಕ್ಯುರಿ ಕಾರನ್ನು ಅವರ ಕೈಗೆ ಕೊಟ್ಟ. ಅವರು ಛಾವಣಿಯನ್ನು ಮುಂದೆ 4 ಅಂಗುಲ, ಹಿಂದೆ 7 ಅಂಗುಲ ತಗ್ಗಿಸಿದರು, ನಡುಗಂಬ ತೆಗೆದರು. ಫೋರ್ಡಿನ ಹೆಡ್‌ಲೈಟ್ ಉಂಗುರ, ಲಿಂಕನ್ನಿನ ಹಿಂದೀಪ, ಬ್ಯೂಕಿನ ಪಕ್ಕದ ಪಟ್ಟಿ ತಂದು ಒಂದೇ ಮೈಯಲ್ಲಿ ಕರಗಿಸಿದರು. ಮೇಲೆ ಎರಡು ಬಗೆಯ ಹಸಿರು. 1959ರಲ್ಲಿ ಹದಿಹರೆಯದ ಹುಡುಗನೊಬ್ಬ ಅದನ್ನು 500 ಡಾಲರಿಗೆ ಕೊಂಡ, ಹಲವು ದಶಕಗಳ ಕಾಲ ಉಳಿಸಿಕೊಂಡ. 2022ರ ಹರಾಜಿನಲ್ಲಿ ಆ ಕಾರು 20 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಲೇಖಕ ಟಾಮ್ ವುಲ್ಫ್ 1963ರಲ್ಲಿ ಎಸ್ಕ್ವೈರ್ ಪತ್ರಿಕೆಗೆ ಬರೆದ ಲೇಖನದಲ್ಲಿ ಈ ಜನರನ್ನು ಕಲಾವಿದರೆಂದೇ ಪರಿಗಣಿಸಿದ್ದರು. ಆಗ ಅದು ಅತಿಶಯೋಕ್ತಿಯಂತೆ ಕೇಳಿಸಿರಬಹುದು; ಈಗ ಯಾರೂ ಅಲ್ಲಗಳೆಯುವುದಿಲ್ಲ.

ವ್ಯಾಗನ್ ಆಗ ಅಮ್ಮನ ಕಾರು. ಮಕ್ಕಳು, ನಾಯಿ, ದಿನಸಿ, ಭಾನುವಾರ ಸಿಮೆಂಟ್ ಚೀಲ. ಇಪ್ಪತ್ತರ ಹುಡುಗನಿಗೆ ಅದರಲ್ಲಿ ಊರು ಸುತ್ತುವ ಆಸೆಯಿರಲಿಲ್ಲ. ಹೀಗೆ ದುಡಿದು ದುಡಿದು ಬಹುತೇಕ ವ್ಯಾಗನ್ನುಗಳು ಗುಜರಿ ಸೇರಿದವು. 1983ರ ಕೊನೆಗೆ ಕ್ರೈಸ್ಲರ್ ಮಿನಿವ್ಯಾನ್ ಬಂದ ಮೇಲೆ ಸಂಸಾರಗಳು ಅತ್ತ ಹೋದವು; 1996ರಲ್ಲಿ ಬ್ಯೂಕ್ ರೋಡ್‌ಮಾಸ್ಟರ್ ಮತ್ತು ಷೆವ್ರೊಲೆ ಕಪ್ರೀಸ್ ವ್ಯಾಗನ್ ನಿಂತುಹೋದಾಗ ದೊಡ್ಡ ಅಮೆರಿಕನ್ ವ್ಯಾಗನ್ನಿನ ವಂಶವೇ ಮುಗಿಯಿತು. ಅದಾದ ಮೇಲೆ ಜನ ಅವುಗಳನ್ನು ಹುಡುಕತೊಡಗಿದರು. ಇವತ್ತು ಉತ್ಸಾಹಿಗಳು ಪ್ರೀತಿಯಿಂದ 'ಲಾಂಗ್‌ರೂಫ್' ಎನ್ನುತ್ತಾರೆ. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಆ ಛಾವಣಿಯೇ ಈಗ ಆಕರ್ಷಣೆ.

ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಮೊದಲ ಹೆಜ್ಜೆ ಕತ್ತರಿಸುವುದಲ್ಲ, ಚುಚ್ಚುವುದು. ಚೂಪಾದ ಸ್ಕ್ರೂಡ್ರೈವರ್ ಹಿಡಿದು ಮೈತುಂಬ ತುಕ್ಕು ಹುಡುಕಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ ಕಡೆಯ ಕಾರು ಹೊರಗೆ ಹೊಳೆಯುತ್ತಿದ್ದರೂ ಒಳಗೆ ಪೊಳ್ಳಾಗಿರಬಹುದು. ಅರಿಜೋನದ ಮರುಭೂಮಿಯಲ್ಲಿ ಬಣ್ಣ ಸುಟ್ಟು ಹೋದ ಕಾರಿನ ತಗಡು ಗಟ್ಟಿಯಾಗಿರುತ್ತದೆ. ವ್ಯಾಗನ್ನಿಗೆ ತುಕ್ಕು ಹಿಡಿಯುವ ಜಾಗಗಳೇ ಬೇರೆ. ಹಿಂಬಾಗಿಲಿನ ಕೆಳತುಟಿ, ಸ್ಟೆಪ್ನಿ ಇಡುವ ಗುಂಡಿ, ಹಿಂಚಕ್ರದ ಕಮಾನಿನ ಹಿಂದಿನ ಮೂಲೆ, ಪಕ್ಕದ ಉದ್ದ ಗಾಜಿನ ಕೆಳಗಿನ ಸಂದಿ. ಮಳೆಯ ನೀರು ಗಾಜಿನ ರಬ್ಬರ್ ದಾಟಿ ಒಳಗಿಳಿದು ದಶಕಗಟ್ಟಲೆ ಅಲ್ಲೇ ಕೂತಿರುತ್ತದೆ. ಸೆಡಾನಿನ ಬಿಡಿಭಾಗಗಳು ಮುಂಭಾಗಕ್ಕೆ ಹೊಂದುತ್ತವೆ. ನಡುಗಂಬದ ಹಿಂದೆ ವ್ಯಾಗನ್ ಬೇರೆಯೇ ಪ್ರಾಣಿ. ಅಲ್ಲಿನ ತಗಡು ಅಂಗಡಿಯಲ್ಲಿ ಸಿಗುವುದು ಅಪರೂಪ, ಗೆಳೆಯರಲ್ಲೊಬ್ಬ ಮಾಡಿಯೇ ತೀರಬೇಕು.

ಆಮೇಲೆ ಕಾಗದ. ಕಾರಿನ ಪಕ್ಕದ ಫೋಟೊ ತೆಗೆದು, ದೊಡ್ಡದಾಗಿ ಅಚ್ಚುಹಾಕಿ, ಛಾವಣಿಯನ್ನು ಬ್ಲೇಡಿನಿಂದ ಕತ್ತರಿಸಿ ಕೆಳಗೆ ಸರಿಸಿ ಅಂಟಿಸುತ್ತಾರೆ. 2 ಅಂಗುಲ, 3 ಅಂಗುಲ, 4 ಅಂಗುಲ. ಮೂರು ಚಿತ್ರ ಗೋಡೆಗೆ ಅಂಟಿಸಿ ವಾರಗಟ್ಟಲೆ ನೋಡುತ್ತಾರೆ. ಗುಂಪಿನಲ್ಲಿ ಜಗಳವಾಗುವುದಿದ್ದರೆ ಈ ಹಂತದಲ್ಲೇ ಆಗಿಬಿಡಲಿ, ತಗಡಿನ ಮುಂದೆ ಬೇಡ. ಸೆಡಾನಿನಲ್ಲಿ ಛಾವಣಿ ಬೇಗ ಇಳಿದು ಡಿಕ್ಕಿಯಲ್ಲಿ ಕರಗುತ್ತದೆ, ತಪ್ಪಿದ ಅನುಪಾತವನ್ನು ಆ ಇಳಿಜಾರು ಮುಚ್ಚಿಹಾಕುತ್ತದೆ. ವ್ಯಾಗನ್ನಿನಲ್ಲಿ ಛಾವಣಿ ಕೊನೆಯವರೆಗೂ ನೇರ ಓಡುವುದರಿಂದ ಅರ್ಧ ಅಂಗುಲ ಹೆಚ್ಚಾದರೂ ಗಾಜುಗಳು ಸೀಳಿದಂತೆ ಕಾಣುತ್ತವೆ, ಕಾರು ಶವವಾಹನದ ಹಾಗೆ ತೋರುತ್ತದೆ. ಉದ್ದನೆಯ ಕಾರಿಗೆ ಸ್ವಲ್ಪವೇ ತಗ್ಗಿಸುವುದು ಒಳ್ಳೆಯದು. ಎಷ್ಟೋ ಚಂದದ ವ್ಯಾಗನ್ನುಗಳು ಛಾವಣಿಯನ್ನು ಮುಟ್ಟದೇ, ಸಸ್ಪೆನ್ಷನ್ ತಗ್ಗಿಸಿ, ಹಿಡಿಕೆ ಮತ್ತು ಲಾಂಛನಗಳನ್ನಷ್ಟೇ ತೆಗೆದು ಗೆದ್ದಿವೆ.

ತಗ್ಗಿಸಲೇಬೇಕೆಂದು ತೀರ್ಮಾನವಾದರೆ ಮೊದಲು ಒಳಗೆ ಚೌಕ ಕೊಳವೆಗಳನ್ನು ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಬೆಸೆದು ಮೈಯನ್ನು ಬಿಗಿಯುತ್ತಾರೆ. ಬಾಗಿಲುಗಳು ಮುಚ್ಚಿದ ಸ್ಥಿತಿಯಲ್ಲೇ ಇರಬೇಕು. ಕತ್ತರಿಸಿದ ಮೇಲೆ ಮೈ ಕಾಲಂಗುಲ ಸರಿದರೂ ಬಾಗಿಲು ಮತ್ತೆ ಸರಿಯಾಗಿ ಕೂರದು. ಪೆಟ್ರೋಲ್ ಟ್ಯಾಂಕ್ ಕಳಚಿ ಹೊರಗೆ, ದೂರಕ್ಕೆ. ನಂತರ ಕಂಬಗಳಿಗೆ ಗುರುತು.

ತೊಡಕು ಇಲ್ಲೇ ಇದೆ. ಮೂರಂಗುಲ ತುಂಡು ತೆಗೆದು ಛಾವಣಿಯನ್ನು ನೇರ ಕೆಳಗಿಳಿಸಿದರೆ ಕಂಬಗಳು ಕೂಡುವುದಿಲ್ಲ, ಏಕೆಂದರೆ ಅವು ನೆಟ್ಟಗಿಲ್ಲ. ಮುಂಗಾಜಿನ ಕಂಬ ಹಿಂದಕ್ಕೆ ವಾಲಿದೆ, ಹಿಂಬಾಗಿಲಿನ ಕಂಬ ಮುಂದಕ್ಕೆ. ಎರಡೂ ಪಕ್ಕಗಳು ಮೇಲೆ ಹೋದಂತೆ ಒಳಕ್ಕೆ ಬಾಗಿವೆ. ಅಂದರೆ ಕೆಳಗೆ ಅಗಲವಾದ, ಉದ್ದವಾದ ಬುಡ. ಮೇಲೆ ಚಿಕ್ಕದಾದ ಮುಚ್ಚಳ. ಮುಚ್ಚಳ ಇಳಿದಷ್ಟೂ ಬುಡಕ್ಕೆ ಸಾಲದಾಗುತ್ತದೆ. ದಾರಿ ಎರಡು. ಒಂದು, ಕಂಬಗಳ ಬುಡ ಸೀಳಿ ಅವನ್ನು ಇನ್ನಷ್ಟು ವಾಲಿಸಿ ಛಾವಣಿಯನ್ನು ಮುಟ್ಟಿಸುವುದು. ಮುಂಗಾಜು, ಬಾಗಿಲ ಚೌಕಟ್ಟು, ಹಿಂಬಾಗಿಲು ಎಲ್ಲವೂ ಆ ಹೊಸ ಕೋನಕ್ಕೆ ಬದಲಾಗಬೇಕು. ಇನ್ನೊಂದು, ಛಾವಣಿಯನ್ನೇ ಅಡ್ಡಕ್ಕೆ ಕತ್ತರಿಸಿ ನಡುವೆ ಹೊಸ ತಗಡಿನ ಪಟ್ಟಿ ಸೇರಿಸಿ ಉದ್ದ ಮಾಡುವುದು. ಸೆಡಾನಿಗೆ ನಾಲ್ಕು ಅಥವಾ ಆರು ಕಂಬಗಳಾದರೆ ನಾಲ್ಕು ಬಾಗಿಲಿನ ವ್ಯಾಗನ್ನಿಗೆ ಎಂಟು. ಪ್ರತಿಯೊಂದರ ವಾಲುವಿಕೆಯೂ ಬೇರೆ.

ಎರಡನೆಯ ದಾರಿ ಹಿಡಿದವರಿಗೆ ಬೆಸುಗೆಯ ಕಾವು ಶತ್ರು. ಐವತ್ತರ ದಶಕದ ಕಾರಿನ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ, ಇಂದಿನದಕ್ಕಿಂತ ದಪ್ಪವೇ. ಆದರೆ ಛಾವಣಿಯ ನಡುಭಾಗ ಅಗಲ, ಉಬ್ಬು ತೀರ ಕಡಿಮೆ. ಬೆಸೆದ ಕಡೆ ಲೋಹ ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆಯ ತಗಡು ಬಿಡದೆ ಅದುಮುತ್ತದೆ. ಆರಿದಾಗ ಆ ಗೆರೆ ಮೊದಲಿಗಿಂತ ಕುಗ್ಗಿ ಪಕ್ಕದ ತಗಡನ್ನೆಲ್ಲ ತನ್ನತ್ತ ಎಳೆಯುತ್ತದೆ. ಛಾವಣಿ ಅಲೆ ಅಲೆಯಾಗುತ್ತದೆ. ಅಂಗೈಯಿಂದ ಒತ್ತಿದರೆ ಟಕ್ಕೆಂದು ಒಳಹೋಗಿ ಬಿಟ್ಟರೆ ಟಕ್ಕೆಂದು ಮೇಲೇಳುತ್ತದೆ. ಇದನ್ನು ತಪ್ಪಿಸಲು ಒಂದು ಚುಕ್ಕಿ ಇಲ್ಲಿ, ಇನ್ನೊಂದು ಮೂರಡಿ ಆಚೆ, ನಡುವೆ ಕೈಯಿಟ್ಟು ನೋಡುವಷ್ಟು ತಣಿಯುವವರೆಗೆ ಕಾಯುವುದು. ಆಮೇಲೆ ಒಬ್ಬ ಕಾರಿನೊಳಗೆ ಕೂತು ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಬೆಸುಗೆಯ ಕೆಳಗೆ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಮೇಲಿಂದ ಚಪ್ಪಟೆ ಸುತ್ತಿಗೆಯಲ್ಲಿ ಹಗುರಾಗಿ ಬಡಿಯುತ್ತಾನೆ. ಕುಗ್ಗಿದ ಲೋಹ ಆ ಪೆಟ್ಟಿನಿಂದ ಮತ್ತೆ ಹಿಗ್ಗುತ್ತದೆ. ಒಬ್ಬರ ಕೈ ಇನ್ನೊಬ್ಬರಿಗೆ ಕಾಣುವುದಿಲ್ಲ. ಸದ್ದು ಕೇಳಿಯೇ ಡಾಲಿ ಸುತ್ತಿಗೆಯ ಕೆಳಗಿದೆಯೇ ಎಂದು ತಿಳಿಯಬೇಕು: ಕೆಳಗಿದ್ದರೆ ಗಟ್ಟಿ ಖಣ್, ತಪ್ಪಿದ್ದರೆ ಮಂದ ಸದ್ದು. ಸೆಡಾನಿನ ಸಣ್ಣ ಛಾವಣಿಯಲ್ಲಿ ಉದ್ದ ತೋಳಿನವನೊಬ್ಬ ಎರಡನ್ನೂ ನಿಭಾಯಿಸಿಯಾನು. ವ್ಯಾಗನ್ನಿನ ನಡುಮಧ್ಯಕ್ಕೆ ಯಾರ ತೋಳೂ ಎಟುಕುವುದಿಲ್ಲ.

ಗಾಜು ಇನ್ನೊಂದು ಅಧ್ಯಾಯ. ನಡುವೆ ಪ್ಲಾಸ್ಟಿಕ್ ಪದರವಿರುವ ಎರಡು ಹಾಳೆಯ ಗಾಜನ್ನು ಕತ್ತರಿಸಬಹುದು. ಕಾಯಿಸಿ ಗಟ್ಟಿಗೊಳಿಸಿದ ಗಾಜಿಗೆ ಕತ್ತರಿ ತಾಗಿದರೆ ಸಾವಿರ ಚೂರು. 1955ರಿಂದ ಷೆವ್ರೊಲೆಗಳಲ್ಲಿ ಬಂದ, ಎರಡೂ ಪಕ್ಕಕ್ಕೆ ಸುತ್ತಿ ಬಾಗಿದ ಮುಂಗಾಜು ಕತ್ತರಿಸಲು ಹೋದಾಗ ಆ ಬಾಗಿನಲ್ಲೇ ಸೀಳಬಹುದು. ಕೆಲವರು ಮರಳಿನ ಧಾರೆ ಹಾಯಿಸಿ ಗಾಜನ್ನು ಸವೆಸಿ ಕತ್ತರಿಸುತ್ತಾರೆ. ಇನ್ನು ಕೆಲವರು ಮುಂಗಾಜಿಗೆ ಕೈಹಚ್ಚದೆ, ಅದನ್ನು ಹಿಂದಕ್ಕೆ ವಾಲಿಸಿ ಎತ್ತರ ಹೊಂದಿಸುತ್ತಾರೆ. ಪಕ್ಕದ ಗಾಜುಗಳು ಸಪಾಟಾಗಿದ್ದರೆ ರಟ್ಟಿನ ಅಚ್ಚು ಕೊಟ್ಟು ಹೊಸದಾಗಿ ಮಾಡಿಸಬಹುದು. ಗಾಜು ಹೊಂದುತ್ತದೆಯೇ ಎಂದು ನೋಡದೆ ಛಾವಣಿ ಕತ್ತರಿಸಿದ ಕಾರುಗಳು ಎಷ್ಟೋ ಶೆಡ್ಡುಗಳಲ್ಲಿ ಹೊದಿಕೆಯಡಿ ಅರ್ಧಕ್ಕೇ ನಿಂತಿವೆ.

ಬೆಸುಗೆ ಮುಗಿದ ಮೇಲೂ ಸಂದುಗಳಲ್ಲಿ ತಗ್ಗು ಉಳಿಯುತ್ತದೆ. ಈಗ ಎಲ್ಲರೂ ಬಳಸುವ ಪಾಲಿಯೆಸ್ಟರ್ ಪುಟ್ಟಿ ಬಂದದ್ದು ಐವತ್ತರ ದಶಕದಲ್ಲಿ. ಅದಕ್ಕೂ ಮೊದಲು ತುಂಬುತ್ತಿದ್ದುದು ಸೀಸ; ಇಂದಿಗೂ ನಿಷ್ಠರು ಸೀಸವನ್ನೇ ತುಂಬುತ್ತಾರೆ. ನಮ್ಮ ಊರುಗಳಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಇದರ ಮೊದಲ ಹಂತ ಪರಿಚಿತ. ಲೋಹವನ್ನು ಉಜ್ಜಿ ಶುದ್ಧಮಾಡಿ, ಕಾಯಿಸಿ, ತವರದ ತೆಳು ಪದರ ಒರೆಸಿದರೆ ಮಾತ್ರ ಮೇಲಿನದು ಅಂಟುತ್ತದೆ. ಆ ಕಲಾಯಿಯ ಮೇಲೆ ನೂರಕ್ಕೆ 70 ಸೀಸ, 30 ತವರ ಬೆರೆತ ಕಡ್ಡಿ. ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಿಂದ 255 ಡಿಗ್ರಿಯವರೆಗೆ ಈ ಮಿಶ್ರಣ ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ನೀರೂ ಅಲ್ಲ. ಆ ಹದದಲ್ಲಿ ಮೇಣ ಸವರಿದ ಮರದ ಹಲಗೆಯಿಂದ ತಳ್ಳಿ, ತಿದ್ದಿ ಆಕಾರ ಕೊಡಬೇಕು. ಕಾವು ಹೆಚ್ಚಾದರೆ ಸುರಿದುಹೋಗುತ್ತದೆ, ಕಡಿಮೆಯಾದರೆ ಪುಡಿಯಾಗುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕಾದ್ದರಿಂದ ಕೆಳಗಿನ ತಗಡು ಕರಗುವ ಭಯವಿಲ್ಲ; ಆದರೆ ಕಾವು ಒಂದೇ ಕಡೆ ನಿಂತರೆ ಅದು ಸೊಟ್ಟಗಾಗಬಹುದು.

ಸೀಸವನ್ನು ಗ್ರೈಂಡರಿನಲ್ಲಿ ಉಜ್ಜಬಾರದು. ಅರದಿಂದ ತಿಕ್ಕಿದರೆ ಸುರುಳಿಯಾಗಿ ಬೀಳುತ್ತದೆ, ಗುಡಿಸಿ ಎತ್ತಿಡಬಹುದು. ಗ್ರೈಂಡರ್ ಅದನ್ನು ಉಸಿರಿಗೆ ಸೇರುವ ಧೂಳು ಮಾಡುತ್ತದೆ. ಆ ಧೂಳು ಬಟ್ಟೆಯಲ್ಲಿ ಮನೆಗೆ ಹೋಗುತ್ತದೆ, ಮಕ್ಕಳ ಮೈ ಸೇರುತ್ತದೆ. ಹಳೆಯ ಕುಶಲಕರ್ಮಿಗಳು ಇದನ್ನು ತಿಳಿಯದೆ ಬೆಲೆ ತೆತ್ತರು. ಇಂದಿನ ಯೂರಿಥೇನ್ ಬಣ್ಣಗಳಲ್ಲಿರುವ ಐಸೋಸಯನೇಟ್ ಕೂಡ ಹಾಗೆಯೇ. ಸಾಮಾನ್ಯ ಮುಖಗವಸು ಅದನ್ನು ನಂಬುವಷ್ಟು ತಡೆಯಲಾರದು, ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವೇ ಬೇಕು. ಬೆಸುಗೆ ನಿಲ್ಲಿಸಿದ ಮೇಲೂ ಕನಿಷ್ಠ ಅರ್ಧ ಗಂಟೆ ಒಬ್ಬ ಶೆಡ್ಡಿನಲ್ಲೇ ಇದ್ದು ಹೊಗೆ ಬರುತ್ತಿದೆಯೇ ನೋಡಬೇಕು. ಹಳೆಯ ಒಳಹಾಸು, ಟಾರು ತುಂಬಿದ ಸಂದುಗಳು ನಿಧಾನವಾಗಿ ಹೊತ್ತಿಕೊಳ್ಳುತ್ತವೆ. ಗೆಳೆಯರ ಗುಂಪಿನಲ್ಲಿ ಈ ಕಾವಲು ಯಾರ ಪಾಲಿಗೂ ಬರದೆ ಹೋಗುವುದು ಸುಲಭ. ಹೆಸರಿಟ್ಟು ಒಬ್ಬರಿಗೆ ವಹಿಸಬೇಕು.

ಉಳಿದ ಕೆಲಸಗಳು ಇಷ್ಟು ಪ್ರಾಣ ಹಿಂಡುವುದಿಲ್ಲ. ಹೆಡ್‌ಲೈಟಿನ ಉಂಗುರವನ್ನು ಫೆಂಡರಿಗೆ ಬೆಸೆದು ದೀಪವನ್ನು ಹಿಂದಿನಿಂದ ಕೂರಿಸುವುದಕ್ಕೆ ಫ್ರೆಂಚಿಂಗ್ ಎನ್ನುತ್ತಾರೆ. ಹಿಡಿಕೆ ತೆಗೆದ ಬಾಗಿಲಿಗೆ ವಿದ್ಯುತ್ ಸೊಲೆನಾಯ್ಡ್ ಇಡುತ್ತಾರೆ. ಬ್ಯಾಟರಿ ಸತ್ತರೆ ಬಾಗಿಲು ತೆರೆಯಲು ಗುಟ್ಟಾದ ಕಡೆ ತಂತಿಯೊಂದನ್ನು ಬಿಟ್ಟಿರಲೇಬೇಕು. ಛಾವಣಿಯಂಚಿನ ಮಳೆನೀರಿನ ತೂಬನ್ನು ಕಿತ್ತುಹಾಕಿ ಮೈ ನುಣ್ಣಗೆ ಮಾಡುವ ಆಸೆ ಹಲವರಿಗೆ. ವ್ಯಾಗನ್ನಿನಲ್ಲಿ ಇದನ್ನು ಮಾಡಬೇಡಿ ಎಂಬುದು ನನ್ನ ಮಾತು. ಛಾವಣಿಯ ಹೊರತಗಡು ಒಳಚೌಕಟ್ಟಿಗೆ ಕೂಡಿಕೊಂಡಿರುವುದೇ ಆ ಅಂಚಿನಲ್ಲಿ. ಅದನ್ನು ತೆಗೆದರೆ ಎರಡೂ ಪಕ್ಕ ಇಡೀ ಉದ್ದಕ್ಕೆ ಮತ್ತೆ ಬೆಸೆಯಬೇಕು. ಮೇಲಾಗಿ ಮಳೆಗೆ ಗಾಜಿಳಿಸಿದರೆ ನೀರು ನೇರ ಮಡಿಲಿಗೆ.

ಬಣ್ಣದ ದಿನ ಮತ್ತೆ ಎಲ್ಲರೂ ಬೇಕು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಉಪ್ಪುಕಾಗದದ ಕೆಲಸ. ಪ್ರೈಮರಿನ ಮೇಲೆ ಕಪ್ಪು ಬಣ್ಣ ತೆಳುವಾಗಿ ಎರಚಿ, ಉದ್ದನೆಯ ಹಲಗೆಗೆ ಕಾಗದ ಸುತ್ತಿ ಓರೆಯಾಗಿ ತಿಕ್ಕುತ್ತಾರೆ. ಉಬ್ಬಿದ ಕಡೆ ಕಪ್ಪು ಬೇಗ ಅಳಿಯುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಛಾವಣಿಯ ಆ ಪಕ್ಕ ಒಬ್ಬ, ಈ ಪಕ್ಕ ಒಬ್ಬ. ಕಣ್ಣಿಗಿಂತ ಅಂಗೈ ನಂಬಿಗಸ್ತ; ಅಂಗೈ ಕೆಳಗೆ ತೆಳು ಬಟ್ಟೆಯಿಟ್ಟು ಸವರಿದರೆ ಕೂದಲೆಳೆಯ ಅಲೆಯೂ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದ ಹೇವರ್ಡ್ ಊರಿನ ಜೋ ಬೈಲನ್ ಪ್ರಸಿದ್ಧಗೊಳಿಸಿದ ಕ್ಯಾಂಡಿ ಆಪಲ್ ಕೆಂಪು ವ್ಯಾಗನ್ನಿಗೆ ಅತಿ ಕಠಿಣ ಪರೀಕ್ಷೆ. ಹೊಳೆಯುವ ಲೋಹದ ಬಣ್ಣದ ಮೇಲೆ ಪಾರದರ್ಶಕ ಕೆಂಪನ್ನು ಪದರ ಪದರವಾಗಿ ಹೊಡೆಯುವುದರಿಂದ, ಎಲ್ಲೇ ಒಂದು ಪದರ ಹೆಚ್ಚು ಬಿದ್ದರೂ ಅಲ್ಲೊಂದು ಗಾಢ ಪಟ್ಟೆ ಕಾಣುತ್ತದೆ. ಛಾವಣಿಯ ಅಗಲವನ್ನು ಒಂದು ಕಡೆಯಿಂದ ಮುಟ್ಟಲಾಗದು. ಈ ಪಕ್ಕದ ಅಂಚು ಒಣಗುವ ಮೊದಲು ಆ ಪಕ್ಕದಿಂದ ಬಂದು ಕೂಡಬೇಕು. ಒಬ್ಬ ಬಣ್ಣ ಹೊಡೆಯುವಾಗ ಇನ್ನೊಬ್ಬ ಗಾಳಿಯ ಪೈಪನ್ನು ತಗಡಿಗೆ ತಾಗದಂತೆ ಎತ್ತಿ ಹಿಡಿದು ಹಿಂದೆ ನಡೆಯುತ್ತಾನೆ. ಕಾರು ಸಿದ್ಧವಾದ ಮೇಲೆ ಆ ಪೈಪು ಹಿಡಿದವನನ್ನು ಯಾರೂ ಕೇಳುವುದಿಲ್ಲ. ಅವನಿಲ್ಲದೆ ಆ ಬಣ್ಣವಿಲ್ಲ.

ಈ ಶೆಡ್ಡುಗಳಲ್ಲಿ ಕೂಲಿ ಇಲ್ಲ, ಮುಯ್ಯಿ ಇದೆ. ಬೆಸುಗೆ ಬಲ್ಲವನು ಈ ಚಳಿಗಾಲ ನಿನ್ನ ವ್ಯಾಗನ್ನಿಗೆ, ಸೀಟು ಹೊಲಿಯುವವಳು ಮುಂದಿನ ಬೇಸಿಗೆ ಅವನ ಟ್ರಕ್ಕಿಗೆ. ಯುದ್ಧಾನಂತರದ ಕಾರ್ ಕ್ಲಬ್ಬುಗಳು ಕಟ್ಟಿಕೊಂಡದ್ದೇ ಹೀಗೆ. ಎರಕ ಹೊಯ್ದ ಅಲ್ಯೂಮಿನಿಯಂ ಫಲಕದಲ್ಲಿ ಕ್ಲಬ್ಬಿನ ಹೆಸರು ಬರೆಸಿ ಹಿಂಗಾಜಿನಲ್ಲಿ ಇಡುವ ಪದ್ಧತಿ ಇನ್ನೂ ಉಳಿದಿದೆ. ಪೂರ್ವ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಕುಟುಂಬಗಳಲ್ಲಿ ಅಪ್ಪನಿಂದ ಮಗಳಿಗೆ, ಚಿಕ್ಕಪ್ಪನಿಂದ ಹುಡುಗರಿಗೆ ಈ ಕೈಚಳಕ ದಾಟಿದೆ. ತಗ್ಗಿಸಿದ ಕಾರುಗಳ ಮೇಲೆ ಕ್ಯಾಲಿಫೋರ್ನಿಯಾ ಐವತ್ತರ ದಶಕದ ಕೊನೆಯಲ್ಲಿ ಹೇರಿದ್ದ ನಿರ್ಬಂಧ, ಅವರನ್ನು ದಶಕಗಳ ಕಾಲ ಪೊಲೀಸರ ಕಣ್ಣಿಗೆ ಗುರಿ ಮಾಡಿತ್ತು. 2024ರ ಜನವರಿ 1ರಿಂದ ಅದು ರದ್ದಾಗಿದೆ. ತಡವಾಗಿಯಾದರೂ ಆದ ನ್ಯಾಯ.

ನಮ್ಮಲ್ಲಿ ಇದೆಲ್ಲ ಸಾಧ್ಯವೇ ಎಂದು ಕೇಳಿದರೆ ಉತ್ತರ ನೇರ: ರಸ್ತೆಗಿಳಿಯುವ ಕಾರಿನ ಮೇಲೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮವೂ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ವಾಹನಗಳಿಗೆ ಮಾತ್ರ 'ವಿಎ' ಅಕ್ಷರದ ಪ್ರತ್ಯೇಕ ನೋಂದಣಿ ಕೊಡುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಛಾವಣಿ ಕತ್ತರಿಸಿದ ಕಾರಿಗೆ ಆ ಬಾಗಿಲು ಮುಚ್ಚಿದೆ. ನಮ್ಮಲ್ಲಿ ಉಳಿದಿರುವ ಹಳೆಯ ವ್ಯಾಗನ್ನುಗಳ ಸಂಖ್ಯೆ ನೋಡಿದರೆ ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಅಂಬಾಸಿಡರ್ ಎಸ್ಟೇಟ್ ಈಗ ಎಲ್ಲಿ ಕಾಣುತ್ತದೆ? 1992ರಲ್ಲಿ ಬಂದ ಟಾಟಾ ಎಸ್ಟೇಟ್ ಕೂಡ ರಸ್ತೆಯಿಂದ ಮರೆಯಾಗಿದೆ. ಉಳಿದಷ್ಟನ್ನು ಹಾಗೇ ಉಳಿಸುವುದು ಮೊದಲ ಕರ್ತವ್ಯ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಪ್ರತಿ ವರ್ಷ ಜನವರಿ ಕೊನೆ, ಫೆಬ್ರುವರಿ ಮೊದಲ ಹೊತ್ತಿಗೆ ಪೊಮೋನದಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಷೋಗೆ ಹೋಗಿಬನ್ನಿ; 1950ರಲ್ಲಿ ಓಕ್ಲೆಂಡಿನಲ್ಲಿ ಶುರುವಾದದ್ದು ಅದು. ಇಲ್ಲಿರುವವರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಮೈಯನ್ನು ಪಕ್ಕದಿಂದ, ಬಗ್ಗಿ, ಬೆಳಕು ಜಾರುವ ಗೆರೆಯಗುಂಟ ನೋಡಿ. ಮನೆಯ ಹಿತ್ತಲಲ್ಲಿ ಹಳೆಯ ಎಸ್ಟೇಟ್ ಕಾರೊಂದು ನಿಂತಿದ್ದರೆ ಗುಜರಿಗೆ ಕೊಡಬೇಡಿ. ಇಬ್ಬರು ಮೂವರು ಗೆಳೆಯರನ್ನು ಕರೆದುಕೊಂಡು ನಿಮ್ಮ ಊರಿನ ಟಿಂಕರಿಂಗ್ ಶೆಡ್ಡಿಗೆ ಹೋಗಿ, ಡಾಲಿ ಹಿಡಿದು ಡೆಂಟ್ ತೆಗೆಯುವುದನ್ನು ಕಲಿಸಿಕೊಡಿ ಎಂದು ಹಿರಿಯ ಮೇಸ್ತ್ರಿಯನ್ನು ಕೇಳಿ. ಅದಕ್ಕೆ ಆರ್‌ಟಿಒ ಅನುಮತಿ ಬೇಕಿಲ್ಲ.